ಉಪ್ಪುಗಾಳಿ ಕುಡಿಯುವ ಎಂಜಿನ್, ಅದರ ಕಿರಿಯ ಕಾವಲುಗಾರ

ಎಲ್‌ಎಂ2500 ಎಂಬ ಹಡಗಿನ ಗ್ಯಾಸ್ ಟರ್ಬೈನ್ ಎಂಜಿನ್ ಪೂರ್ಣ ಶಕ್ತಿಯಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 70 ಕಿಲೊಗ್ರಾಂ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಗಾಳಿಯ ತೂಕ ನಮ್ಮ ಅನುಭವಕ್ಕೆ ಬರುವುದಿಲ್ಲ, ಹಾಗಾಗಿ ಇದನ್ನು ಗಾತ್ರದಲ್ಲಿ ಹೇಳುವುದೇ ಮೇಲು: ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯೊಳಗಿನ ಗಾಳಿಯೆಲ್ಲ ಒಂದು ಸೆಕೆಂಡಿನಲ್ಲಿ ಖಾಲಿ. ಗಂಟೆಯ ಲೆಕ್ಕ ಹಿಡಿದರೆ 250 ಟನ್ ದಾಟುತ್ತದೆ. ಅದೂ ಕಡಲ ಮೇಲಿನ ಗಾಳಿ. ಅಲೆ ಒಡೆದು ಚಿಮ್ಮಿದ ತುಂತುರು ಅದರಲ್ಲಿ ಸಣ್ಣ ಹನಿಗಳಾಗಿ, ಆರಿದ ಮೇಲೆ ಉಪ್ಪಿನ ಕಣಗಳಾಗಿ ತೇಲುತ್ತಿರುತ್ತದೆ. ತೂಕದಲ್ಲಿ ಹತ್ತು ಲಕ್ಷ ಪಾಲು ಗಾಳಿಗೆ ಒಂದೇ ಪಾಲು ಉಪ್ಪಿದೆ ಎಂದಿಟ್ಟುಕೊಂಡರೂ ಗಂಟೆಗೆ ಕಾಲು ಕಿಲೊ ಉಪ್ಪು ಎಂಜಿನ್ನಿನ ಬಾಯಿಗೆ ಬಂದು ಬೀಳುತ್ತದೆ. ಆ ಉಪ್ಪು ಒಳಗೆ ಹೋಗದಂತೆ, ಹೋದದ್ದು ಅಲ್ಲಿ ನಿಲ್ಲದಂತೆ, ನಿಂತದ್ದು ಲೋಹವನ್ನು ತಿನ್ನದಂತೆ ನೋಡಿಕೊಳ್ಳುವ ಕೆಲಸದ ದೊಡ್ಡ ಪಾಲು ಬೀಳುವುದು ಹಡಗಿನ ಎಂಜಿನ್ ಕೋಣೆಗೆ ಹೊಸದಾಗಿ ಬಂದ ತಂತ್ರಜ್ಞನ ಮೇಲೆ. ಈ ಅಧ್ಯಾಯ ಅವನ, ಈಚಿನ ವರ್ಷಗಳಲ್ಲಿ ಅವಳ, ದಿನನಿತ್ಯದ ಕೆಲಸದ ಕುರಿತು.

ಮೊದಲು ಎಂಜಿನ್ನಿನ ಪರಿಚಯ. ಇದರ ಮೂಲ ವಿಮಾನದಲ್ಲಿದೆ. ಅಮೆರಿಕದ ವಾಯುಪಡೆಯ ದೈತ್ಯ ಸರಕು ವಿಮಾನ ಸಿ-5 ಗ್ಯಾಲಕ್ಸಿಗಾಗಿ ಜನರಲ್ ಎಲೆಕ್ಟ್ರಿಕ್ ಕಂಪನಿ ರೂಪಿಸಿದ ಟಿಎಫ್39 ಎಂಜಿನ್ನಿನ ಮುಂದಿನ ದೊಡ್ಡ ಫ್ಯಾನನ್ನು ಕಳಚಿ, ಒಳಗಿನ ಭಾಗಗಳನ್ನು ಸಮುದ್ರಕ್ಕೆ ಹೊಂದುವಂತೆ ಬದಲಿಸಿ, ಹಿಂದೆ ಒಂದು ಶಕ್ತಿ ಟರ್ಬೈನ್ ಜೋಡಿಸಿದಾಗ ಹುಟ್ಟಿದ್ದು ಎಲ್‌ಎಂ2500. 1969ರಲ್ಲಿ ಅಡ್ಮಿರಲ್ ವಿಲಿಯಂ ಎಂ. ಕ್ಯಾಲಘನ್ ಎಂಬ ಸರಕು ಹಡಗಿನಲ್ಲಿ ಅದು ಸಮುದ್ರ ಕಂಡಿತು. 1975ರಲ್ಲಿ ಸೇವೆಗೆ ಬಂದ ಸ್ಪ್ರೂಆನ್ಸ್ ಎಂಬ ವಿನಾಶಕ ನೌಕೆಯಲ್ಲಿ ನಾಲ್ಕು ಎಂಜಿನ್ ಇದ್ದವು. ಅಲ್ಲಿಂದಾಚೆ ಅಮೆರಿಕದ ಯುದ್ಧನೌಕೆಗಳ ಮುಖ್ಯ ಎಂಜಿನ್ ಅದೇ ಆಯಿತು. ನಮ್ಮ ನೌಕಾಪಡೆಯಲ್ಲಿ 2010ರಲ್ಲಿ ಸೇರ್ಪಡೆಯಾದ ಶಿವಾಲಿಕ್ ಯುದ್ಧನೌಕೆಯಲ್ಲಿ ಎರಡಿವೆ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ ವಿಮಾನವಾಹಕ ವಿಕ್ರಾಂತ್‌ನಲ್ಲಿ ನಾಲ್ಕಿವೆ. ನಾಲ್ಕೂ ಸೇರಿ 88 ಮೆಗಾವ್ಯಾಟ್. ಇವುಗಳನ್ನು ಜೋಡಿಸಿದ್ದು ಎಚ್‌ಎಎಲ್‌ನ ಕೈಗಾರಿಕಾ ಮತ್ತು ಸಾಗರ ಗ್ಯಾಸ್ ಟರ್ಬೈನ್ ವಿಭಾಗ. ಅದು ಇರುವುದು ಬೆಂಗಳೂರಿನಲ್ಲಿ, ಕಡಲಿನಿಂದ ಮುನ್ನೂರು ಕಿಲೊಮೀಟರ್ ಒಳಗೆ.

ಯುದ್ಧನೌಕೆಗೆ ಈ ಎಂಜಿನ್ ಏಕೆ ಬೇಕು ಎಂಬುದಕ್ಕೆ ಕಾರವಾರವನ್ನೇ ನೋಡಬಹುದು. ಅಲ್ಲಿನ ಕದಂಬ ನೌಕಾನೆಲೆಯಲ್ಲಿ ನೆಲೆಸಿರುವ ವಿಕ್ರಮಾದಿತ್ಯ ಎಂಟು ಬಾಯ್ಲರುಗಳ ಉಗಿಯಿಂದ ಓಡುವ ಹಡಗು. ತಣ್ಣಗಿರುವ ಬಾಯ್ಲರಿನಲ್ಲಿ ಉಗಿ ಎಬ್ಬಿಸಿ ಹಡಗನ್ನು ಹೊರಡಿಸಲು ಗಂಟೆಗಳೇ ಬೇಕು. ಗ್ಯಾಸ್ ಟರ್ಬೈನ್ ತಣ್ಣಗಿದ್ದ ಸ್ಥಿತಿಯಿಂದ ಕೆಲವೇ ನಿಮಿಷಗಳಲ್ಲಿ ಪೂರ್ಣ ಶಕ್ತಿಗೆ ಏರುತ್ತದೆ. 22ರಿಂದ 25 ಮೆಗಾವ್ಯಾಟ್ ಕೊಡುವ ಆ ಯಂತ್ರದ ತೂಕ, ಸುತ್ತಲಿನ ಕವಚವನ್ನು ಬಿಟ್ಟರೆ, ಐದು ಟನ್ನಿಗೂ ಕಡಿಮೆ. ಕಡಿಮೆ ವೇಗದಲ್ಲಿ ಇಂಧನ ಹೆಚ್ಚು ಕುಡಿಯುವುದು ಅದರ ದೋಷ. ಅದಕ್ಕಾಗಿಯೇ ಶಿವಾಲಿಕ್‌ನಂಥ ಹಡಗುಗಳಲ್ಲಿ ನಿಧಾನಕ್ಕೆ ಸಾಗುವಾಗ ಡೀಸೆಲ್ ಎಂಜಿನ್, ಓಡಬೇಕಾದಾಗ ಟರ್ಬೈನ್ ಎಂಬ ಏರ್ಪಾಡಿದೆ.

ಒಳಗೆ ನಡೆಯುವುದು ಹೇಳಲು ಸುಲಭ. ಹದಿನಾರು ಹಂತಗಳ ಕಂಪ್ರೆಸರ್ ಗಾಳಿಯನ್ನು ಸುಮಾರು 18 ಪಟ್ಟು ಒತ್ತುತ್ತದೆ. ಒತ್ತಿದ ಗಾಳಿಗೆ ಇಂಧನ ಸಿಂಪಡಿಸಿ ಉರಿಸಿದಾಗ ಬರುವ ಬಿಸಿ ಅನಿಲ ಮೊದಲು ಎರಡು ಹಂತದ ಟರ್ಬೈನನ್ನು ತಿರುಗಿಸುತ್ತದೆ. ಅದು ದುಡಿಯುವುದು ಕಂಪ್ರೆಸರಿಗಾಗಿ ಮಾತ್ರ. ಅದೇ ಅನಿಲ ಮುಂದೆ ಸಾಗಿ ಹಿಂದಿನ ಆರು ಹಂತದ ಶಕ್ತಿ ಟರ್ಬೈನನ್ನು ತಿರುಗಿಸುತ್ತದೆ, ಆ ಶಕ್ತಿ ಗೇರ್‌ಬಾಕ್ಸ್ ಮೂಲಕ ಹಡಗಿನ ಪ್ರೊಪೆಲ್ಲರಿಗೆ ಹೋಗುತ್ತದೆ. ಮುಂದಿನ ಟರ್ಬೈನಿಗೂ ಹಿಂದಿನದಕ್ಕೂ ಒಂದೇ ಶಾಫ್ಟಿಲ್ಲ, ನಡುವೆ ಇರುವುದು ಅನಿಲದ ಹರಿವು ಮಾತ್ರ.

ಇಲ್ಲಿ ಗಮನಿಸಬೇಕಾದ ಒಂದು ಲೆಕ್ಕವಿದೆ. ಸೆಕೆಂಡಿಗೆ 70 ಕಿಲೊ ಗಾಳಿಯನ್ನು 18 ಪಟ್ಟು ಒತ್ತಿದಾಗ ಅದು ನಾನೂರು ಡಿಗ್ರಿಗೂ ಮೇಲೆ ಬಿಸಿಯಾಗುತ್ತದೆ. ಆ ಕೆಲಸಕ್ಕೆ ಬೇಕಾಗುವ ಶಕ್ತಿ ಮೂವತ್ತು ಮೆಗಾವ್ಯಾಟಿನ ಆಸುಪಾಸು. ಅಂದರೆ ಹಡಗಿಗೆ ಸಿಗುವ ಶಕ್ತಿಗಿಂತ ಹೆಚ್ಚಿನದನ್ನು ಎಂಜಿನ್ ತನ್ನ ಕಂಪ್ರೆಸರಿಗೇ ಸುರಿಯುತ್ತದೆ! ಹೀಗಿರುವಾಗ ಕಂಪ್ರೆಸರಿನ ದಕ್ಷತೆ ನೂರಕ್ಕೆ ಎರಡರಷ್ಟು ಇಳಿದರೂ ಆ ನಷ್ಟವೆಲ್ಲ ಪ್ರೊಪೆಲ್ಲರಿನ ಪಾಲಿನಿಂದಲೇ ಕಡಿತವಾಗುತ್ತದೆ. ಕಂಪ್ರೆಸರ್ ತೊಳೆಯುವುದು ಕಿರಿಯರ ಕೆಲಸ ಎಂದು ಯಾರಾದರೂ ಹಗುರವಾಗಿ ಹೇಳಿದರೆ ಈ ಲೆಕ್ಕವನ್ನು ಅವರ ಮುಂದಿಡಬೇಕು.

ತೊಳೆಯುವುದಕ್ಕೆ ಮುಂಚೆ ತಡೆಯುವುದು. ಹಡಗಿನ ಮೇಲ್ಭಾಗದಲ್ಲಿರುವ ಗಾಳಿಯ ದ್ವಾರದಲ್ಲಿ ನೀರಹನಿಗಳನ್ನು ಬೇರ್ಪಡಿಸುವ ಪದರಗಳಿರುತ್ತವೆ. ಗಾಳಿ ಅಂಕುಡೊಂಕಾಗಿ ತಿರುಗುವಾಗ ಭಾರವಾದ ಹನಿ ತಿರುಗಲಾರದೆ ಲೋಹದ ಪಟ್ಟಿಗೆ ಬಡಿದು ಕೆಳಗಿಳಿಯುತ್ತದೆ. ತೀರಾ ಸಣ್ಣ ಹನಿಗಳು ಜಾಲರಿಯ ಪದರದಲ್ಲಿ ಒಂದಕ್ಕೊಂದು ಕೂಡಿ ದೊಡ್ಡವಾಗಿ ಮುಂದಿನ ಪಟ್ಟಿಯಲ್ಲಿ ಸಿಕ್ಕಿಬೀಳುತ್ತವೆ. ಹೊಸಬನಿಗೆ ಇಲ್ಲಿ ಎರಡು ಕೆಲಸ: ಪದರಗಳನ್ನು ಸಿಹಿನೀರಿನಲ್ಲಿ ತೊಳೆಯುವುದು, ಇಳಿದ ನೀರು ಹೊರಹೋಗುವ ಕಂಡಿ ಕಟ್ಟಿಕೊಳ್ಳದಂತೆ ನೋಡುವುದು. ಕಂಡಿ ಕಟ್ಟಿದರೆ ಕಷ್ಟಪಟ್ಟು ಬೇರ್ಪಡಿಸಿದ ಉಪ್ಪುನೀರು ಅಲ್ಲೇ ನಿಂತು, ಗಾಳಿಯ ರಭಸಕ್ಕೆ ಮತ್ತೆ ಮೇಲೆದ್ದು ಒಳಗೇ ಹೋಗುತ್ತದೆ. ಪದರದ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಒಂದು ಮಾಪಕವೂ ಇರುತ್ತದೆ. ಅದರ ಅಂಕಿ ಏರುತ್ತಿದೆ ಎಂದರೆ ಪದರ ಕಟ್ಟುತ್ತಿದೆ ಎಂದರ್ಥ. ಸಮುದ್ರ ಪ್ರಕ್ಷುಬ್ಧವಾಗಿರುವ ದಿನ ಅಂಕಿ ಇದ್ದಕ್ಕಿದ್ದಂತೆ ಇಳಿದರೆ ಅದು ಇನ್ನೂ ಕೆಟ್ಟ ಸುದ್ದಿ. ಗಾಳಿ ಪದರವನ್ನು ತಪ್ಪಿಸಿ ಇನ್ನೆಲ್ಲೋ ದಾರಿ ಮಾಡಿಕೊಂಡಿದೆ.

ಎಷ್ಟು ತಡೆದರೂ ಸ್ವಲ್ಪ ಉಪ್ಪು ಒಳಗೆ ಹೋಗಿಯೇ ಹೋಗುತ್ತದೆ. ಹಡಗಿನದೇ ಹೊಗೆಯ ಮಸಿ, ಎಣ್ಣೆಯ ಆವಿ ಅದಕ್ಕೆ ಜೊತೆಯಾಗುತ್ತವೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ರೆಕ್ಕೆಯ ಮೇಲೆ ಕೂರುವ ಜಿಡ್ಡಿನ ಹಾಗೆ ಈ ಮಿಶ್ರಣ ಕಂಪ್ರೆಸರ್ ಬ್ಲೇಡುಗಳ ಮೇಲೆ ಕೂರುತ್ತದೆ. ನುಣುಪು ಹೋದ ಬ್ಲೇಡಿನ ಬೆನ್ನ ಮೇಲೆ ಗಾಳಿ ಅಂಟಿ ಹರಿಯದೆ ಬೇಗ ಸಿಡಿದು ದೂರ ಹೋಗುತ್ತದೆ. ಅದು ಅತಿಯಾದರೆ ಒತ್ತಿದ ಗಾಳಿ ಹಿಮ್ಮುಖವಾಗಿ ನುಗ್ಗಿ ಎಂಜಿನ್ ಸಿಡಿಲಿನಂಥ ಸದ್ದು ಮಾಡಿ ಅದುರುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಇದನ್ನು ತಪ್ಪಿಸಲೆಂದೇ ಕಂಪ್ರೆಸರಿನ ಮುಂದಿನ ಹಂತಗಳ ಸ್ಥಿರ ಬ್ಲೇಡುಗಳನ್ನು ವೇಗಕ್ಕೆ ತಕ್ಕಂತೆ ಓರೆ ಬದಲಿಸುವ ಹಾಗೆ ಮಾಡಿದ್ದಾರೆ. ಅವುಗಳ ಚಿಕ್ಕ ಸನ್ನೆಗಳಲ್ಲಿ ಒಂದು ಸವೆದು ಸಡಿಲವಾದರೂ ಆ ಬ್ಲೇಡಿನ ಕೋನ ಉಳಿದವುಗಳ ಜೊತೆ ಕೂಡಿಬರುವುದಿಲ್ಲ. ಟಾರ್ಚ್ ಹಿಡಿದು ಆ ಸನ್ನೆಗಳನ್ನು ಒಂದೊಂದಾಗಿ ಮುಟ್ಟಿ ನೋಡುವುದು ಬೇಸರದ ಕೆಲಸವೇ ಸರಿ, ಆದರೆ ಇಂಥ ಸಡಿಲವನ್ನು ಬೆರಳೇ ಮೊದಲು ಪತ್ತೆಹಚ್ಚುತ್ತದೆ.

ಇನ್ನು ತೊಳೆಯುವ ವಿಧಾನ. ಎಂಜಿನ್ ತಣಿದ ಮೇಲೆ ಇಂಧನವನ್ನೂ ಕಿಡಿಯನ್ನೂ ತಡೆದು, ಸ್ಟಾರ್ಟರಿನಿಂದ ಮಾತ್ರ ನಿಧಾನವಾಗಿ ತಿರುಗಿಸುತ್ತಾರೆ. ಬಾಯಿಯ ಬಳಿಯ ನಾಜಲುಗಳಿಂದ ಸಾಬೂನಿನಂಥ ದ್ರಾವಣ ಸಿಂಪಡಿಸಿ, ನೆನೆಯಲು ಬಿಟ್ಟು, ಮತ್ತೆ ತಿರುಗಿಸುತ್ತ ಶುದ್ಧ ನೀರಿನಲ್ಲಿ ಜಾಲಾಡಿಸಿ, ಕೊನೆಗೆ ಎಂಜಿನ್ ಚಾಲೂ ಮಾಡಿ ಒಣಗಿಸುತ್ತಾರೆ. ನೀರು ಖನಿಜ ತೆಗೆದ ನೀರೇ ಆಗಿರಬೇಕು. ನಲ್ಲಿ ನೀರಿನ ಸೋಡಿಯಂ, ಕ್ಯಾಲ್ಸಿಯಂ ಬ್ಲೇಡಿನ ಮೇಲೆ ಉಳಿದರೆ ತೊಳೆದ ಉದ್ದೇಶವೇ ಕೆಟ್ಟಿತು. ತೊಳೆಯುವ ಮುನ್ನ ಗಾಳಿಯ ಒತ್ತಡ ಅಳೆಯುವ ಸಣ್ಣ ಕೊಳವೆಗಳಿಗೆ ನೀರು ನುಗ್ಗದಂತೆ ಮುಚ್ಚಬೇಕು, ಮುಗಿದ ಮೇಲೆ ತೆರೆಯಬೇಕು. ಇಂಧನ ನಿಯಂತ್ರಣಕ್ಕೆ ಆ ಒತ್ತಡವೇ ಆಧಾರ. ತೆರೆಯಲು ಮರೆತರೆ ಎಂಜಿನ್ನಿಗೆ ತಾನು ಎಷ್ಟು ಗಾಳಿ ಒತ್ತುತ್ತಿದ್ದೇನೆಂಬುದೇ ತಿಳಿಯುವುದಿಲ್ಲ.

ಉಪ್ಪಿನ ನಿಜವಾದ ಉಪದ್ರವ ಕಾಣುವುದು ಕಂಪ್ರೆಸರಿನಲ್ಲಲ್ಲ, ಅದರಾಚೆಯ ಬಿಸಿ ಭಾಗದಲ್ಲಿ. ಈ ರಸಾಯನಶಾಸ್ತ್ರವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮುಂದಿನ ಟರ್ಬೈನ್ ಬ್ಲೇಡುಗಳನ್ನು ನಿಕಲ್ ಪ್ರಧಾನ ಮಿಶ್ರಲೋಹದಲ್ಲಿ ಎರಕ ಹೊಯ್ದು, ಒಳಗೆ ತಂಪು ಗಾಳಿ ಹರಿಯಲು ಸೂಕ್ಷ್ಮ ದಾರಿಗಳನ್ನು ಬಿಟ್ಟಿರುತ್ತಾರೆ. ಇಷ್ಟು ಬಿಸಿಯಲ್ಲಿ ಲೋಹ ಉಳಿಯುವುದು ಮೈಮೇಲೆ ಬೆಳೆಯುವ ಅಲ್ಯೂಮಿನಿಯಂ ಅಥವಾ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆಯಿಂದ. ಪೊರೆ ಗಟ್ಟಿಯಾಗಿರುವವರೆಗೆ ಆಮ್ಲಜನಕ ಒಳಗಿಳಿಯಲಾರದು. ಈಗ ಗಾಳಿಯಿಂದ ಬಂದ ಉಪ್ಪಿನ ಸೋಡಿಯಂ, ಇಂಧನದಿಂದ ಬಂದ ಗಂಧಕ ಎರಡೂ ಉರಿಯಲ್ಲಿ ಭೇಟಿಯಾಗಿ ಸೋಡಿಯಂ ಸಲ್ಫೇಟ್ ಆಗುತ್ತವೆ. ಅದು ಬ್ಲೇಡಿನ ಮೇಲೆ ಕೂತು 884 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕರಗಿದ ಉಪ್ಪು ಆ ಪೊರೆಯನ್ನೂ ಕರಗಿಸುತ್ತದೆ. ರಕ್ಷಣೆ ಕಳೆದುಕೊಂಡ ಲೋಹದೊಳಗೆ ಗಂಧಕ ಇಳಿಯುತ್ತದೆ, ಬ್ಲೇಡು ಹಸಿರುಗಪ್ಪಾಗಿ ಉಬ್ಬಿ ಪದರ ಪದರವಾಗಿ ಏಳುತ್ತದೆ. ಇದು ಬಿಸಿ ಸವೆತದ ಮೊದಲ ಬಗೆ.

ಹಾಗಾದರೆ ಎಂಜಿನ್ನನ್ನು ಕಡಿಮೆ ಬಿಸಿಯಲ್ಲಿ, ಅರ್ಧ ಶಕ್ತಿಯಲ್ಲಿ ಓಡಿಸಿದರೆ ಬ್ಲೇಡು ಉಳಿಯಬೇಕಲ್ಲವೇ? 1970ರ ದಶಕದ ಮಧ್ಯದವರೆಗೆ ಹಾಗೆಂದೇ ನಂಬಲಾಗಿತ್ತು. ಕಡಿಮೆ ಶಕ್ತಿಯಲ್ಲಿ ಓಡಿದ ಹಡಗಿನ ಟರ್ಬೈನುಗಳನ್ನು ಬಿಚ್ಚಿ ನೋಡಿದಾಗ ಅಲ್ಲೂ ಬ್ಲೇಡುಗಳಲ್ಲಿ ಗುಳಿ ಬಿದ್ದಿತ್ತು. ಕಾರಣ ಹುಡುಕುತ್ತ ಹೋದಾಗ ಎರಡನೆಯ ಬಗೆ ಗೊತ್ತಾಯಿತು. ಬ್ಲೇಡಿನ ಲೇಪದಲ್ಲಿದ್ದ ಕೋಬಾಲ್ಟ್ ತಾನೂ ಸಲ್ಫೇಟ್ ಆಗಿ ಸೋಡಿಯಂ ಸಲ್ಫೇಟಿನೊಡನೆ ಬೆರೆತರೆ ಆ ಮಿಶ್ರಣ 565 ಡಿಗ್ರಿಗೇ ಕರಗಬಲ್ಲದು. 700 ಡಿಗ್ರಿಯ ಆಸುಪಾಸಿನಲ್ಲಿ, ಯಾರೂ ಅಪಾಯವಿಲ್ಲವೆಂದುಕೊಂಡ ಬಿಸಿಯಲ್ಲಿ, ಲೋಹ ತೂತಾಗುತ್ತಿತ್ತು. ಲೇಪಗಳಲ್ಲಿ ಕ್ರೋಮಿಯಂ ಹೆಚ್ಚಿಸಿದ್ದು, ಗಾಳಿಯ ದ್ವಾರದ ಪದರಗಳನ್ನು ಬಿಗಿಗೊಳಿಸಿದ್ದು ಈ ಪಾಠದ ನಂತರ. ಎಂಜಿನಿಯರಿಂಗ್ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಪ್ರಕರಣ ಇದು: ಲೋಹಶಾಸ್ತ್ರದ ಒಂದು ಹೊಸ ಅಧ್ಯಾಯ ತೆರೆದುಕೊಂಡದ್ದು ಹಡಗುಗಳಿಂದ ಬಿಚ್ಚಿ ತಂದ ಬ್ಲೇಡುಗಳಿಂದ.

ಸೋಡಿಯಂ ಗಾಳಿಯಿಂದ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ. ಸ್ಪ್ರೂಆನ್ಸ್‌ನಲ್ಲಿದ್ದಂತೆಯೇ ಅದರ ನಂತರದ ಆರ್ಲೀ ಬರ್ಕ್ ಮಾದರಿಯ ನೌಕೆಗಳಲ್ಲೂ ಇಂಧನ ಖರ್ಚಾದಂತೆ ಅದೇ ಟ್ಯಾಂಕಿಗೆ ಕೆಳಗಿನಿಂದ ಸಮುದ್ರದ ನೀರು ತುಂಬಿಕೊಳ್ಳುತ್ತದೆ. ಹಡಗಿನ ತೂಕ, ಸಮತೋಲ ಬದಲಾಗದಿರಲಿ ಎಂಬ ಏರ್ಪಾಡು. ಇಂಧನ ಹಗುರ, ಮೇಲೆ ತೇಲುತ್ತದೆ, ನಿಜ. ಆದರೆ ಎರಡರ ಗಡಿಯಲ್ಲಿ ನೀರು ಬೆರೆಯದೆ ಇರುತ್ತದೆಯೇ? ಆದ್ದರಿಂದ ಎಂಜಿನ್ನಿಗೆ ಹೋಗುವ ಮುನ್ನ ಇಂಧನವನ್ನು ವೇಗವಾಗಿ ತಿರುಗಿಸಿ ನೀರನ್ನು ಬೇರ್ಪಡಿಸುತ್ತಾರೆ, ಮತ್ತೆ ಶೋಧಕದ ಮೂಲಕ ಹಾಯಿಸುತ್ತಾರೆ. ಶೋಧಕದ ತಳದಿಂದ ಗಾಜಿನ ಬಾಟಲಿಗೆ ಮಾದರಿ ಹಿಡಿದು ಬೆಳಕಿಗೆ ಒಡ್ಡುವುದು ಹೊಸಬನ ಪಾಲಿನ ಕೆಲಸ. ಇಂಧನ ತಿಳಿಯಾಗಿ ಹೊಳೆಯಬೇಕು. ಮಬ್ಬಾಗಿದ್ದರೆ ನೀರು ಬೆರೆತಿದೆ. ತಳದಲ್ಲಿ ಕೆಸರು ಕಂಡರೆ ಟ್ಯಾಂಕಿನಲ್ಲೇ ತೊಂದರೆ. ಈ ಕಣ್ಣಂದಾಜಿಗೆ ಹಡಗಿನಲ್ಲಿ ಇಂದಿಗೂ ಬೆಲೆಯಿದೆ.

ಎಣ್ಣೆಯ ವಿಷಯದಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಟರ್ಬೈನಿನ ಬೇರಿಂಗುಗಳಿಗೆ ಸಂಶ್ಲೇಷಿತ ಎಣ್ಣೆ; ದೊಡ್ಡ ಗೇರ್‌ಬಾಕ್ಸಿಗೆ ಖನಿಜ ಎಣ್ಣೆ. ಒಂದರ ಜಾಗಕ್ಕೆ ಇನ್ನೊಂದನ್ನು ಸುರಿಯುವಂತಿಲ್ಲ, ಒಂದೇ ಆಲಿಕೆ ಎರಡಕ್ಕೂ ಬಳಸುವಂತಿಲ್ಲ. ಸಂಶ್ಲೇಷಿತ ಎಣ್ಣೆಯಲ್ಲಿ ಸವೆತ ತಡೆಯಲು ಬೆರೆಸಿರುವ ರಾಸಾಯನಿಕ ವಿಷಕಾರಿ, ಚರ್ಮದ ಮೇಲೆ ಉಳಿಯಬಾರದು, ಅದಕ್ಕೇ ಕೈಗವಸು. ಬೇರಿಂಗಿನಿಂದ ಹಿಂದಿರುಗುವ ಎಣ್ಣೆಯ ದಾರಿಯಲ್ಲಿ ಕಾಂತದ ಒಂದು ಬಿರಡೆ ಇರುತ್ತದೆ. ಅದನ್ನು ತೆಗೆದು ನೋಡಿದಾಗ ಮೆತ್ತಗಿನ ಬೂದು ಪುಡಿ ಕಂಡರೆ ಸಾಮಾನ್ಯ ಸವೆತ, ಹೊಳೆಯುವ ಚೂರು ಕಂಡರೆ ಬೇರಿಂಗು ಒಡೆಯತೊಡಗಿದೆ. ನಿಗದಿತ ಗಂಟೆಗಳಿಗೊಮ್ಮೆ ಎಣ್ಣೆಯ ಮಾದರಿ ಪ್ರಯೋಗಾಲಯಕ್ಕೂ ಹೋಗುತ್ತದೆ. ಅಲ್ಲಿ ಅದನ್ನು ಉರಿಸಿ ಬೆಳಕಿನ ರೇಖೆಗಳಿಂದ ಕಬ್ಬಿಣ ಎಷ್ಟು, ಬೆಳ್ಳಿ ಎಷ್ಟು ಎಂದು ಹೇಳುತ್ತಾರೆ. ಯಾವ ಲೋಹ ಏರಿದೆ ಎಂಬುದರಿಂದ ಯಾವ ಭಾಗ ಸವೆಯುತ್ತಿದೆ ಎಂದು ಊಹಿಸಬಹುದು. ಆದರೆ ಕೊಳಕು ಬಾಟಲಿಯಲ್ಲಿ ಹಿಡಿದ ಮಾದರಿಯಿಂದ ಯಾವ ಪ್ರಯೋಗಾಲಯವೂ ನಿಜ ಹೇಳಲಾರದು.

ಹಡಗಿನಲ್ಲಿ ವಾಚ್ ಎಂದರೆ ಪಾಳಿ. ಪಾಳಿಯಲ್ಲಿರುವ ಕಿರಿಯ ತಂತ್ರಜ್ಞ ಗಂಟೆಗೊಮ್ಮೆ ಸುತ್ತು ಹಾಕಿ ಎಣ್ಣೆಯ ಒತ್ತಡ, ತಾಪ, ಕಂಪನ, ಬಿಸಿ ಅನಿಲದ ತಾಪಗಳನ್ನು ಬರೆದುಕೊಳ್ಳುತ್ತಾನೆ. ಕಂಪ್ಯೂಟರ್ ಇದನ್ನೆಲ್ಲ ತಾನೇ ದಾಖಲಿಸುವಾಗ ಮನುಷ್ಯ ಏಕೆ ಎಂದು ಕೇಳಬಹುದು. ಸಂವೇದಕ ಇರುವ ಕಡೆ ಮಾತ್ರ ಕಂಪ್ಯೂಟರಿಗೆ ಕಾಣುತ್ತದೆ. ಕೊಳವೆಯ ಬೆಸುಗೆಯಲ್ಲಿ ಒಸರುತ್ತಿರುವ ಇಂಧನ, ಎಂದೂ ಇಲ್ಲದ ಕಮಟು ವಾಸನೆ, ಹಡಗಿನ ತಳದ ಬಿಲ್ಜಿನಲ್ಲಿ ತೇಲುವ ಎಣ್ಣೆಯ ಬಣ್ಣ ಇವೆಲ್ಲ ಮನುಷ್ಯನಿಗೇ ಮೊದಲು ತಿಳಿಯುವುದು. ಬಿಸಿ ಕವಚದ ಮೇಲೆ ಬಿದ್ದ ಇಂಧನ ಬೆಂಕಿಯಾಗಲು ಹೆಚ್ಚು ಹೊತ್ತು ಬೇಡ. ಕಾಗದದಲ್ಲಿ ಬರೆದ ಅಂಕಿಗಳಿಗೂ ಒಂದು ಗುಣವಿದೆ: ಬರೆಯುವವನು ಹಿಂದಿನ ಸಾಲನ್ನು ನೋಡುತ್ತಾನೆ. ಅದೇ ಶಕ್ತಿಯಲ್ಲಿ, ಅಷ್ಟೇ ಬಿಸಿಯ ದಿನದಲ್ಲಿ ಅನಿಲದ ತಾಪ ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಂಪ್ರೆಸರ್ ಕೊಳೆಯಾಗಿದೆ. ಎಚ್ಚರಿಕೆಯ ಗಂಟೆ ಬಾರಿಸಲು ಇನ್ನೂ ದಿನಗಳಿರುತ್ತವೆ, ಸಾಲು ಮಾತ್ರ ಆಗಲೇ ಹೇಳಿರುತ್ತದೆ. ನೋಡದೆ ತುಂಬಿದ ಅಂಕಿ ಖಾಲಿ ಬಿಟ್ಟ ಜಾಗಕ್ಕಿಂತ ಅಪಾಯಕಾರಿ. ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಎಂಜಿನ್ನನ್ನು ನಿಲ್ಲಿಸುವುದರಲ್ಲೂ ಕ್ರಮವಿದೆ. ಪೂರ್ಣ ವೇಗದಿಂದ ಇಳಿಸಿದ ಮೇಲೆ ಐದು ನಿಮಿಷ ಕನಿಷ್ಠ ವೇಗದಲ್ಲಿ ತಿರುಗಲು ಬಿಟ್ಟೇ ಇಂಧನ ಕತ್ತರಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಹೊರಗಿನ ಕವಚ ಬೇಗ ತಣಿದು ಕುಗ್ಗುತ್ತದೆ, ಒಳಗಿನ ದಪ್ಪ ರೋಟರ್ ಬಿಸಿಯಾಗಿಯೇ ಇರುತ್ತದೆ. ಇವೆರಡರ ನಡುವಿನ ಸಂದು ಕೂದಲೆಳೆಯಷ್ಟೇ ಆದ್ದರಿಂದ ಒಂದಕ್ಕೊಂದು ಉಜ್ಜಬಹುದು.

ಎಂಜಿನ್ ಇರುವುದು ಸದ್ದನ್ನೂ ಬಿಸಿಯನ್ನೂ ಹಿಡಿದಿಡುವ ಒಂದು ಪೆಟ್ಟಿಗೆಯೊಳಗೆ. ಬೆಂಕಿ ಕಂಡರೆ ಆಮ್ಲಜನಕ ಉಳಿಯದಂತೆ ಅನಿಲ ತುಂಬುವ ವ್ಯವಸ್ಥೆ ಅದಕ್ಕಿದೆ. ಒಳಗೆ ಮನುಷ್ಯನಿದ್ದಾಗ ಅದು ಚಾಲೂ ಆದರೆ ಉಸಿರುಗಟ್ಟುತ್ತದೆ. ಆದ್ದರಿಂದ ಒಳಹೋಗುವ ಮುನ್ನ ಆ ವ್ಯವಸ್ಥೆಯನ್ನು ತಡೆದು, ಸ್ಟಾರ್ಟರ್ ಗಾಳಿಯನ್ನೂ ಇಂಧನವನ್ನೂ ಬಂದ್ ಮಾಡಿ, ಸ್ವಿಚ್ಚಿಗೆ ಚೀಟಿ ಕಟ್ಟಿ, ಹೊರಗೊಬ್ಬರನ್ನು ನಿಲ್ಲಿಸಿಯೇ ಹೋಗಬೇಕು. ಚೀಟಿ ಕಟ್ಟಿದವರೇ ಅದನ್ನು ಬಿಚ್ಚಬೇಕು. ಗಾಳಿಯ ದ್ವಾರದೊಳಗೆ ಇಳಿಯುವಾಗ ಜೇಬು ಖಾಲಿ, ಪೆನ್ನು, ನಾಣ್ಯ, ಉಂಗುರ ಹೊರಗೆ. ಒಯ್ದ ಉಪಕರಣಗಳನ್ನು ಎಣಿಸಿ ಬರೆದಿಟ್ಟು, ಹೊರಬಂದ ಮೇಲೆ ಮತ್ತೆ ಎಣಿಸಬೇಕು. ಒಂದು ನಟ್ಟು ಕಡಿಮೆ ಬಂದರೂ ಅದು ಸಿಗುವವರೆಗೆ ಎಂಜಿನ್ ಚಾಲೂ ಆಗುವಂತಿಲ್ಲ. ಮೊದಲ ಹಂತದ ಬ್ಲೇಡಿಗೆ ಬಡಿದ ನಟ್ಟು ಅಲ್ಲಿಂದ ಒಂದು ಚೂರು ಕಿತ್ತರೆ, ಎರಡೂ ಕೂಡಿ ಉಳಿದ ಹದಿನೈದು ಹಂತಗಳನ್ನು ಹಾಯುತ್ತವೆ.

ಒಳಗಿನ ಸ್ಥಿತಿಯನ್ನು ಬಿಚ್ಚದೆ ನೋಡುವ ಸಾಧನ ಬೋರ್‌ಸ್ಕೋಪ್. ಕವಚದಲ್ಲಿ ಪ್ರತಿ ಹಂತಕ್ಕೂ ಬಿಟ್ಟಿರುವ ರಂಧ್ರದಿಂದ ಕ್ಯಾಮೆರಾ ತೂರಿಸಿ ಹಿರಿಯರು ಪರದೆ ನೋಡುತ್ತಾರೆ. ಹೊಸಬ ಎಂಜಿನ್ನಿನದೇ ಚಿಕ್ಕ ಗೇರ್‌ಬಾಕ್ಸಿನ ಬಳಿ ಕೂತು ರ‍್ಯಾಚೆಟ್ ಹಿಡಿದು ರೋಟರನ್ನು ಕೈಯಿಂದ ಒಂದೊಂದೇ ಬ್ಲೇಡಿನಷ್ಟು ತಿರುಗಿಸುತ್ತಾನೆ. ಅಂಚಿನ ಕಚ್ಚು, ಬಿರುಕು, ಎದ್ದ ಲೇಪ, ಕಟ್ಟಿಕೊಂಡ ತಂಪುಗಾಳಿಯ ರಂಧ್ರ, ಎಲ್ಲವನ್ನೂ ಬ್ಲೇಡಿನ ಸಂಖ್ಯೆಯೊಡನೆ ಬರೆದಿಡುತ್ತಾರೆ. ತಿರುಗಿಸುವವನ ಎಣಿಕೆ ತಪ್ಪಿದರೆ ಇಡೀ ವರದಿ ತಪ್ಪು. ಆ ಜಾಗದಲ್ಲಿ ಕೂತವನು ತಾನು ಬರೀ ಸಹಾಯಕ ಎಂದುಕೊಳ್ಳದೆ ಪರದೆಯ ಕಡೆಗೂ ಕಣ್ಣಿಟ್ಟರೆ, ತಾನು ತೊಳೆದ ಪದರಕ್ಕೂ ಆ ಬ್ಲೇಡಿನ ಹೊಳಪಿಗೂ ಇರುವ ಸಂಬಂಧ ಅಂದೇ ಗೊತ್ತಾಗುತ್ತದೆ.

ಈ ಕೆಲಸ ಕಲಿಸುವ ಶಾಲೆಗಳಿವೆ. ಅಮೆರಿಕದ ನೌಕಾಪಡೆಯಲ್ಲಿ ಇದಕ್ಕೆಂದೇ ಎರಡು ಕಸುಬುಗಳಿವೆ, ಒಂದು ಯಂತ್ರದ್ದು, ಇನ್ನೊಂದು ವಿದ್ಯುತ್ತಿನದು. ತರಬೇತಿ ಗ್ರೇಟ್ ಲೇಕ್ಸ್‌ನಲ್ಲಿ. ನಮ್ಮಲ್ಲಿ ನಾವಿಕರ ಮೊದಲ ತರಬೇತಿ ಒಡಿಶಾದ ಚಿಲ್ಕಾದಲ್ಲಿ, ಎಂಜಿನ್ ವಿದ್ಯೆ ಲೋನಾವಳದ ಐಎನ್‌ಎಸ್ ಶಿವಾಜಿಯಲ್ಲಿ. ವಿಶಾಖಪಟ್ಟಣದ ಐಎನ್‌ಎಸ್ ಏಕಶಿಲಾದಲ್ಲಿ ಹಡಗಿನ ಗ್ಯಾಸ್ ಟರ್ಬೈನುಗಳನ್ನು ಬಿಚ್ಚಿ ದುರಸ್ತಿ ಮಾಡುತ್ತಾರೆ. 2023ರ ಮಾರ್ಚ್‌ನಲ್ಲಿ ಚಿಲ್ಕಾದಿಂದ ಹೊರಬಂದ ಮೊದಲ ಅಗ್ನಿವೀರರ ತಂಡದಲ್ಲಿ ಹುಡುಗಿಯರೂ ಇದ್ದರು. ಬೆಂಗಳೂರಿನಲ್ಲಿ ಎಚ್‌ಎಎಲ್ ಅಷ್ಟೇ ಅಲ್ಲ, ವಿಮಾನದ ಕಾವೇರಿ ಎಂಜಿನ್ನನ್ನು ಹಡಗಿಗೆ ಹೊಂದಿಸುವ ಪ್ರಯತ್ನ ಮಾಡಿದ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಕೂಡ ಇದೆ.

ನಮ್ಮ ಐಟಿಐ, ಡಿಪ್ಲೊಮಾ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಫಿಟ್ಟರ್ ತರಗತಿಯ ಹುಡುಗ ಹುಡುಗಿಯರಿಗೆ ಅರ ಹಿಡಿಯುವುದು, ಟಾರ್ಕ್ ರೆಂಚ್ ಬಳಸುವುದು, ಲಾಕಿಂಗ್ ವೈರ್ ಕಟ್ಟುವುದನ್ನು ನೀವು ಚೆನ್ನಾಗಿಯೇ ಕಲಿಸುತ್ತೀರಿ. ಅದರ ಜೊತೆಗೆ ಒಂದು ಪೀರಿಯಡ್ ಬಿಡುವು ಮಾಡಿಕೊಂಡು, ಕಡಲಿನ ಉಪ್ಪು ಮತ್ತು ಇಂಧನದ ಗಂಧಕ ಸೇರಿ ಟರ್ಬೈನ್ ಬ್ಲೇಡನ್ನು ಹೇಗೆ ತಿನ್ನುತ್ತವೆ ಎಂಬುದನ್ನೂ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದು ಹೇಳಿ. ಕಂಡಿ ತೊಳೆಯುವ ಕಾರಣ ಗೊತ್ತಿರುವವರು ಯಾರೂ ನೋಡದಿದ್ದಾಗಲೂ ಅದನ್ನು ತೊಳೆಯುತ್ತಾರೆ.